ಪರೀಕ್ಷೆಗೆ ಹೋದ ಮಣ್ಣು

ಕಡು ಟೀ ಕಂಡರೆ ನನಗೆ ಈಗಲೂ ಧನಗೆರೆಯ ಚಿಕ್ಕತಾಯಮ್ಮ ನೆನಪಾಗುತ್ತಾರೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಡಿಎನ್‌ಎ ತೆಗೆಯುವುದು ಆಗ ನನ್ನ ಕೆಲಸ. ಅವರ ಗದ್ದೆಯ ಮಣ್ಣಿನಿಂದ ತೆಗೆದದ್ದು ಮಾತ್ರ ಎಷ್ಟು ಸಲ ಶುದ್ಧ ಮಾಡಿದರೂ ಟೀ ಬಣ್ಣ ಬಿಡಲಿಲ್ಲ. ಗೊಬ್ಬರ ಹೆಚ್ಚಿದ್ದರೆ ಹಾಗಾಗುತ್ತದೆ; ಆ ಬಣ್ಣ ಉಳಿದರೆ ಡಿಎನ್‌ಎ ಮುಂದಿನ ಪರೀಕ್ಷೆಗೆ ಬಾರದು. ತಿಂಗಳ ದುಡಿಮೆ ನೀರುಪಾಲಾಯಿತು.

ಮತ್ತೆ ಧನಗೆರೆಗೆ ಹೋಗಿ, ಗದ್ದೆಗೆ ಏನು ಹಾಕಿದ್ದಿರಿ ಎಂದು ವಿಚಾರಿಸಿದೆ.

"ಪರೀಕ್ಷೆಗೆ ಅಂದಿದ್ರಲ್ಲ ಸಾ. ನೀವು ಕೈ ತೊಳಿಯಕ್ಕೆ ಓದಾಗ ನಿಮ್ ಚೀಲಕ್ಕೆ ಎರಡು ಬೊಗಸೆ ತಿಪ್ಪೆಗೊಬ್ಬರ ಬೆರಸ್ಬುಟ್ಟೆ. ನಮ್ ಮಣ್ಣು ಫೇಲಾಗಬಾರ್ದಲ್ಲ," ಅಂದರು ಚಿಕ್ಕತಾಯಮ್ಮ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಕೇಳಿದರು, "ಪಾಸಾಯ್ತಾ ಸಾ?"

"ಫಸ್ಟ್ ಕ್ಲಾಸು," ಅಂದೆ.

ಆ ದಿನ ಹೊಸದಾಗಿ ಮಣ್ಣು ತುಂಬಿಕೊಂಡವನು ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೂ ಕೈ ತೊಳೆಯಲಿಲ್ಲ.