ಚೀನಾದ ವಿಜ್ಞಾನಿಗೆ ಅಂಟಿಸಿದ ಮೀಸೆ

ಕಳೆದ ಬುಧವಾರ ಸಂಜೆ ನಾನು ಮೊಮ್ಮಗಳ ಮೀಸೆ ಕಿತ್ತೆ.

ಗಾಬರಿಯಾಗಬೇಡಿ, ಅಂಟಿಸಿದ ಮೀಸೆ. ತುಟಿಯ ಎರಡೂ ಕಡೆಯಿಂದ ಇಲಿಬಾಲದ ಹಾಗೆ ಜೋತಾಡುತ್ತಿತ್ತು. ಮೈಮೇಲೆ ಕೆಂಪು ರೇಷ್ಮೆಯ ನಿಲುವಂಗಿ, ತಲೆಗೆ ಹುಲ್ಲಿನ ಟೋಪಿ. ದುಬೈಯ ಅಲ್ ಕುಸೈಸಿನಲ್ಲಿರುವ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಹತ್ತು ವರ್ಷದ ಧನ್ವಿ ಹಾಗೆ ನಿಂತಿದ್ದಳು.

"ಎಂತ ವೇಷ ಮಾರಾಯ್ತಿ ಇದು?"

"ಚೈನೀಸ್ ಸೈಂಟಿಸ್ಟ್, ಅಜ್ಜಿ. ಡೋಂಟ್ ಟಚ್, ಗಮ್ ಒಣಗಿಲ್ಲ!"

ಮರುದಿನ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್. ಯಾರಾದರೂ ಸಾಧಕರ ವೇಷ ಹಾಕಿ, ಅವರ ಜೀವನವನ್ನು ಅವರೇ ಹೇಳಿದಂತೆ ಹೇಳಬೇಕು. (ಸ್ಪರ್ಧೆ ಮಕ್ಕಳಿಗೆ, ಪರೀಕ್ಷೆ ಅಮ್ಮಂದಿರಿಗೆ.) ಹೋದ ವರ್ಷ ಇವಳು ಮಾತು ಮರೆತು ಅಳುತ್ತಾ ಸ್ಟೇಜ್ ಇಳಿದಿದ್ದಳು. ಈ ಸಲ ಪ್ರೈಜ್ ತರಲೇಬೇಕೆಂಬ ಹಠ.

ಕಂಪ್ಯೂಟರಿನಿಂದ ಚೀನೀ ಅಕ್ಷರ ಅಚ್ಚಾಗುವಂತೆ ಮಾಡಿದ ವಿಜ್ಞಾನಿಯನ್ನು ಅವಳೇ ಹುಡುಕಿ ಆರಿಸಿದ್ದಳು. ಫೋಟೋ ತೋರಿಸು ಎಂದೆ. ಮೊಬೈಲಿನಲ್ಲಿ ಕನ್ನಡಕ ಹಾಕಿದ ಸಾದಾ ಮನುಷ್ಯ. ನಮ್ಮೂರ ಪೋಸ್ಟಾಫೀಸಿನ ಗುಮಾಸ್ತರ ಹಾಗಿದ್ದ. ಮೀಸೆಯೇ ಇಲ್ಲ!

"ಚೈನೀಸ್ ಅಂತ ಗೊತ್ತಾಗ್ಬೇಕಲ್ಲ ಅತ್ತೆ," ಎಂದಳು ಮೈಸೂರಿನ ಸೊಸೆ ರಶ್ಮಿ, ಗಮ್ ಬಾಟಲಿ ಹಿಡಿದುಕೊಂಡೇ. "ಕಾಸ್ಟ್ಯೂಮ್‌ಗೂ ಮಾರ್ಕ್ಸ್ ಇದೆ."

"ಚೀನಾದ ಮಗು ಹಾವಿನ ಬುಟ್ಟಿ ಹಿಡ್ಕೊಂಡು ಬಂದು, ನಾನು ಇಂಡಿಯಾದ ವಿಜ್ಞಾನಿ ಅಂದ್ರೆ ನಿಂಗೆ ಖುಷಿ ಆಗ್ತದಾ?"

ರಶ್ಮಿ ಗಮ್ ಬಾಟಲಿಗೆ ಮುಚ್ಚಳ ಹಾಕಿದಳು. ನಾನು ಮೀಸೆ ಕಿತ್ತೆ.

"ಖಲಾಸ್! ಐ ಆಮ್ ನಾಟ್ ಗೋಯಿಂಗ್!" ಧನ್ವಿ ಸೋಫಾದ ಮೇಲೆ ಬಿದ್ದು ಅತ್ತಳು. ಅಳಲಿ ಎಂದು ಬಿಟ್ಟೆ. ಮುಗಿದ ಮೇಲೆ ಕೇಳಿದೆ, "ಆ ಮನುಷ್ಯ ಮಾಡಿದ್ದಾದ್ರೂ ಎಂತ?"

ಹೇಳಿದಳು. ಚೀನೀ ಅಕ್ಷರಗಳು ನಮ್ಮ ಹಾಗೆ ಐವತ್ತರೊಳಗೆ ಮುಗಿಯುವುದಿಲ್ಲ, ಸಾವಿರಾರು ಇವೆ. ಪತ್ರಿಕೆ ಅಚ್ಚು ಹಾಕಲು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಬೇಕಿತ್ತು. ಅಷ್ಟು ಅಕ್ಷರಗಳ ಚುಕ್ಕಿ ಚುಕ್ಕಿಯನ್ನೂ ಹಿಡಿದಿಡಲು ಆಗಿನ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಇವನು ಅಕ್ಷರದ ಅಂಚು ಎಲ್ಲಿ ತಿರುಗುತ್ತದೆ ಎಂಬ ಲೆಕ್ಕವನ್ನು ಇಟ್ಟ. (ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ತಿಳಿದದ್ದು ಇಷ್ಟು: ದರ್ಜಿ ರವಿಕೆಯ ನೂಲು ಎಣಿಸುವುದಿಲ್ಲ, ಅಳತೆ ಬರೆದುಕೊಳ್ಳುತ್ತಾನೆ.) ಕಾಯಿಲೆಯ ಮನುಷ್ಯ, ರಜೆಯಲ್ಲಿದ್ದಾಗ ಮನೆಯಲ್ಲೇ ಕೆಲಸ ಶುರು ಮಾಡಿದನಂತೆ. ಆಗದ ಕೆಲಸ ಎಂದವರೇ ಹೆಚ್ಚು. ಕೊನೆಗೆ ಪತ್ರಿಕೆಗಳು ಸೀಸವನ್ನೇ ಬಿಟ್ಟವು.

ಕಾಯಿಲೆಯ ಗಂಡಸು ಮನೆಯಲ್ಲಿದ್ದಾನೆ ಎಂದರೆ ನನಗೆ ಬೇರೆ ಪ್ರಶ್ನೆ ಏಳುತ್ತದೆ.

"ಹೆಂಡತಿ ಇದ್ದಳಾ?"

"ಇದ್ಲು. ಕಾಲೇಜಲ್ಲಿ ಮ್ಯಾಥ್ಸ್ ಟೀಚರ್. ಸಾಫ್ಟ್‌ವೇರ್ ಕೆಲ್ಸ ಅವ್ಳೇ ನೋಡ್ಕೊಂಡಿದ್ದು."

"ನಿನ್ನ ಭಾಷಣದಲ್ಲಿ ಅವಳು ಎಲ್ಲುಂಟು?"

"ಟೈಮ್ ಇಲ್ಲ ಅಜ್ಜಿ. ಓನ್ಲಿ ತ್ರೀ ಮಿನಿಟ್ಸ್."

"ಹಾಗಾದ್ರೆ ನೀನು ಅವಳೇ ಆಗು. ಗಂಡನ ಕತೆ ಹೆಂಡತಿಗಿಂತ ಚೆಂದ ಯಾರು ಹೇಳ್ತಾರೆ?"

"ಟೀಚರ್‌ಗೆ ಸೈಂಟಿಸ್ಟ್ ಹೆಸರು ಕೊಟ್ಟಾಗಿದೆ ಅತ್ತೆ," ಎಂದಳು ರಶ್ಮಿ. "ಡಿಸ್‌ಕ್ವಾಲಿಫೈ ಮಾಡಿಬಿಟ್ರೆ?"

ಭಯ ಸುಳ್ಳಲ್ಲ. ತೀರ್ಮಾನ ಧನ್ವಿಗೇ ಬಿಟ್ಟೆ. ಸ್ಟೇಜಿನಲ್ಲಿ ನಿಲ್ಲುವವಳು ನಾನಲ್ಲವಲ್ಲ?

ಧನ್ವಿ ಮೂಗು ಒರೆಸಿಕೊಂಡಳು. "ಆ ಮೀಸೆ ಬಾಯೊಳ್ಗೆ ಬರ್ತಿತ್ತು ಅಮ್ಮಾ, ಮಾತಾಡೋಕೇ ಆಗ್ತಿರ್ಲಿಲ್ಲ. ಐ ವಿಲ್ ಬಿ ದ ವೈಫ್."

ಗುರುವಾರ ಸ್ಟೇಜಿನ ತುಂಬ ರಾಕೆಟ್ ಹಿಡಿದ ವಿಜ್ಞಾನಿಗಳು. ಇವಳು ಬಿಳಿ ಶರಟು, ಗಾಜಿಲ್ಲದ ಕನ್ನಡಕ, ಕೈಯಲ್ಲಿ ಚಾಕ್‌ಪೀಸ್. ಜಡ್ಜ್ ಮೇಡಂ ತಮ್ಮ ಹಾಳೆ ನೋಡಿ, ಸೈಂಟಿಸ್ಟ್ ಎಲ್ಲಿ ಎಂದು ಕೇಳಿಯೇಬಿಟ್ಟರು. ರಶ್ಮಿ ನನ್ನ ಕೈ ಹಿಂಡಿದಳು.

"ಅವರಿಗೆ ಹುಷಾರಿಲ್ಲ, ಮನೇಲಿ ಮಲಗಿದ್ದಾರೆ," ಎಂದಳು ಧನ್ವಿ ಇಂಗ್ಲಿಷಿನಲ್ಲಿ. (ರಶ್ಮಿ ನನಗೆ ಕಿವಿಯಲ್ಲಿ ಹೇಳಿದ್ದು.) "ಕೆಲಸ ಇಬ್ಬರದ್ದೂ. ನಾನೇ ಹೇಳ್ತೀನಿ."

ಹಾಲ್ ಇಡೀ ನಕ್ಕಿತು. ಅವಳು ನಗಲಿಲ್ಲ. ಒಂದು ಮಾತೂ ಮರೆಯದೆ ಮುಗಿಸಿ ಇಳಿದಳು. ಸೆಕೆಂಡ್ ಪ್ರೈಜ್! ಬರುವ ದಾರಿಯಲ್ಲಿ ಮೂವರೂ ಫಲೂದಾ ತಿಂದೆವು. ನನ್ನ ಶುಗರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಸರ್ಟಿಫಿಕೇಟ್ ಓದು ಎಂದೆ. ಹೆಸರು, ಕ್ಲಾಸು ಎಲ್ಲ ಸರಿ. ಹಾಕಿದ ವೇಷ ಯಾವುದು ಎಂಬಲ್ಲಿ ಶಾಲೆಯವರು ಬರೆದಿದ್ದರು: ವಿಜ್ಞಾನಿಯ ಪತ್ನಿ.

ಕೆಲಸ ಇಬ್ಬರದ್ದೂ ಎಂದು ಮಗು ಹೇಳಿತ್ತಲ್ಲ, ಅಷ್ಟು ಹೊತ್ತು ಕೂತು ಇವರು ಕೇಳಿಸಿಕೊಂಡದ್ದಾದರೂ ಏನು?