ಚುಕ್ಕಿ ಹೋಗಿ ಚಪ್ಪಲಿ ಉಳಿದ ಪುಸ್ತಕ

ತರೀಕೆರೆಯಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ತಾಂಬೂಲದ ಚೀಲದಲ್ಲಿ ರವಿಕೆ ಬಟ್ಟೆಯ ಬದಲು ಅತ್ತೆಯ ಎಳೆ ರಂಗೋಲಿಗಳ ಪುಟ್ಟ ಪುಸ್ತಕ ಇಡೋಣ ಎಂದವಳು ನಾನೇ. ಅಜ್ಜಂಪುರದ ನಮ್ಮ ಮನೆ ಬಾಗಿಲಲ್ಲಿ ಅತ್ತೆ ಒಂದು ತಿಂಗಳು ದಿನಕ್ಕೊಂದರಂತೆ ಹಾಕಿದರು. ನಾನು ಮೊಬೈಲಿನಲ್ಲಿ ಫೋಟೊ ತೆಗೆದು ಲ್ಯಾಪ್‌ಟಾಪಿನಲ್ಲಿ ಪುಟಗಳಿಗೆ ಕೂರಿಸಿದೆ. "ನಂದೊಂದು ಬುಕ್ಕು ಬತ್ತೈತೆ" ಎಂದು ಅತ್ತೆ ಬೀದಿಗೆಲ್ಲ ಹೇಳಿ ಆಗಿತ್ತು.

ಕಡೂರಿನ ಪ್ರೆಸ್ಸಿಗೆ ಕಳಿಸುವ ಕಡೆಯ ದಿನ ಫೈಲು ಹೋಗಲೇ ಇಲ್ಲ. ಮೇಲ್ ಮತ್ತೆ ಮತ್ತೆ ವಾಪಸು ಬಂತು. ಫೋನು ಮಾಡಿದೆ.

"ತುಂಬಾ ದೊಡ್ಡದಾಯ್ತು ಮೇಡಂ. ಫೋಟೊ ರೆಸಲ್ಯೂಷನ್ ಇಳಿಸಿ. ಸಂಜೆ ಐದರೊಳಗೆ ಬಂದ್ರೆ ಭಾನುವಾರಕ್ಕೆ ಪುಸ್ತಕ, ಇಲ್ಲಾಂದ್ರೆ ಆಗಲ್ಲ ಕಣ್ರೀ," ಎಂದರು ಪ್ರೆಸ್ಸಿನ ಹೆಂಗಸು.

ಪುಟದಲ್ಲಿ ಅಂಗೈಯಗಲ ಕಾಣುವ ಫೋಟೊ ದೊಡ್ಡದು ಹೇಗೆ? ಆಮೇಲೆ ಹೊಳೆಯಿತು. ರೇಷ್ಮೆ ಸೀರೆಯನ್ನು ಎಷ್ಟು ಚಿಕ್ಕದಾಗಿ ಮಡಿಸಿದರೂ ಅದರ ತೂಕ ಇಳಿಯುವುದಿಲ್ಲವಲ್ಲ, ಹಾಗೆ; ಪುಟದಲ್ಲಿ ಚಿಕ್ಕದಾಗಿ ಕಂಡರೂ ಫೋಟೊದ ಕಣಗಳೆಲ್ಲ ಫೈಲಿನಲ್ಲೇ ಇದ್ದವು. ಇದ್ದುದರಲ್ಲಿ ಅತಿ ಕಡಿಮೆ ರೆಸಲ್ಯೂಷನ್ ಆರಿಸಿ ಒತ್ತಿದೆ. ಫೈಲು ಹೂವಿನಷ್ಟು ಹಗುರವಾಯಿತು. ಕಳಿಸುವ ಮುಂಚೆ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ಅತ್ತೆಗೆ ಕೊಟ್ಟೆ.

ಅತ್ತೆ ಕನ್ನಡಕ ಏರಿಸಿ, ತೋರುಬೆರಳಿಟ್ಟು ಚುಕ್ಕಿ ಎಣಿಸತೊಡಗಿದರು. ಹದಿನೈದು ಚುಕ್ಕಿಯ ಸಾಲಿನಲ್ಲಿ ಬೆರಳು ಏಳಕ್ಕೇ ನಿಂತಿತು.

"ಲೇ, ಚುಕ್ಕಿ ಎಲ್ ಹೋದ್ವೇ? ಹಾಲು ಚೆಲ್ದಂಗೈತಲ್ಲೇ! ಇದನ್ನ ನೋಡ್ಕೊಂಡು ಯಾರ್ ರಂಗೋಲಿ ಹಾಕ್ತಾರೆ?" ಬೆರಳು ಫೋಟೊದ ಅಂಚಿಗೆ ಸರಿಯಿತು. "ಇದೇನೇ ಇದು?"

"ಮಾವನ ಚಪ್ಪಲಿ," ಎಂದೆ ಮೆಲ್ಲಗೆ.

"ಶಿವನೇ! ತಾಂಬೂಲದಾಗೆ ಚಪ್ಪಲಿ ಇಟ್ಟು ಕೊಡೋಕ್ ಹೊಂಟಿದ್ದೀಯಲ್ಲೇ! ಚುಕ್ಕಿ ಹೋಯ್ತು, ಚಪ್ಪಲಿ ಮಾತ್ರ ಚೆನ್ನಾಗಿ ಕಾಣ್ತೈತೆ."

"ಹೊಸಾ ಚಪ್ಪಲಿ ಕಣೇ, ಇರ್ಲಿ ಬಿಡು," ಎಂದರು ಒಳಗಿನಿಂದ ಮಾವ.

ಚಪ್ಪಲಿ, ಹಾಲಿನ ಪ್ಯಾಕೆಟ್ಟು, ಬೆಕ್ಕಿನ ಬಾಲ ಎಲ್ಲವೂ ಇದ್ದರೇ ಚೆಂದ ಎಂದು ಉಳಿಸಿಕೊಂಡವಳು ನಾನು. ಈಗ ಒಂದೊಂದೇ ಫೋಟೊ ಕತ್ತರಿಸುತ್ತ ಬಂದೆ, ರಂಗೋಲಿಯ ಸುತ್ತ ಗೇಣಗಲ ನೆಲ ಮಾತ್ರ ಬಿಟ್ಟು. ಅರ್ಧ ಭಾರ ಅಲ್ಲೇ ಇಳಿಯಿತು. ರೆಸಲ್ಯೂಷನ್ನನ್ನು ಅಚ್ಚಿಗೆ ಬೇಕಾದಷ್ಟಕ್ಕೆ ತಂದು ನಿಲ್ಲಿಸಿದೆ, ಅದಕ್ಕಿಂತ ಕೆಳಗೆ ಹೋಗಲಿಲ್ಲ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪ್ರತಿ ಪುಟವನ್ನೂ ಪರದೆಯ ಮೇಲೆ ಎಣಿಸಿದರು.

"ಆ ಬೆಕ್ಕಿನ ಬಾಲ ಒಂದಿರ್ಲಿ ಕಣೇ, ಪಾಪ."

ಐದಕ್ಕೆ ಹತ್ತು ನಿಮಿಷ ಇರುವಾಗ ಮೇಲ್ ಹೋಯಿತು. ವಾಪಸು ಬರಲಿಲ್ಲ.

ಭಾನುವಾರ ಗೃಹಪ್ರವೇಶದಲ್ಲಿ ಕುಂಕುಮ ತೆಗೆದುಕೊಂಡ ಹೆಂಗಸೊಬ್ಬರು ಚೀಲದಿಂದ ಪುಸ್ತಕ ತೆಗೆದು, ಬಾಗಿಲ ಬಳಿಯೇ ನಿಂತು ಬೆರಳಿಟ್ಟು ಎಣಿಸಿದರು. ಅತ್ತೆ ಅರಿಶಿನದ ಬಟ್ಟಲು ಹಿಡಿದು ಆ ಬೆರಳನ್ನೇ ನೋಡುತ್ತಿದ್ದರು. ಹದಿಮೂರು, ಹದಿನಾಲ್ಕು, ಹದಿನೈದು.

"ನಾಳೆ ಇದ್ನೇ ಹಾಕ್ತೀನಿ ಕಣಕ್ಕಾ."

ಅತ್ತೆ ಬಟ್ಟಲು ಕೆಳಗಿಟ್ಟರು. ಆ ಹೆಂಗಸಿನ ಚೀಲಕ್ಕೆ ಇನ್ನೊಂದು ತೆಂಗಿನಕಾಯಿ ಹಾಕಿದರು.