ಇಬ್ಬರೂ ಬಿಟ್ಟುಕೊಟ್ಟ ಸವಾಲು

ಸೊರಬದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ ಕಂಪ್ಯೂಟರ್ ಕಲಿಸುತ್ತಿದ್ದ ಮಹಾಂತೇಶನ ಬಗ್ಗೆ ಬರೆಯಲು ಕೂತಿದ್ದೇನೆ. ಬರೆಯುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಗುರುಪ್ರಕಾಶ್. ಶಿಕಾರಿಪುರದ ಮಹೇಶ್ವರಪ್ಪನವರ ಗೊಬ್ಬರದಂಗಡಿಯಲ್ಲಿ ಸಂಬಳಕ್ಕಿರುವವನು. ಯೂರಿಯಾ ಮೂಟೆಗಳ ಸಂದಿಯಲ್ಲಿ ಒಂದು ಕಂಪ್ಯೂಟರ್, ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಕಂಪನಿಗಳಿಗೆ ಇ-ಮೇಲ್ ಕಳಿಸಲೆಂದು ಮಹೇಶ್ವರಪ್ಪನವರು ಇಂಟರ್ನೆಟ್ ಹಾಕಿಸಿಕೊಂಡಿದ್ದರು. ಶಿವಮೊಗ್ಗಕ್ಕೆ ಎಸ್‌ಟಿಡಿ ಕರೆ ಹೋಗಿ, ಮೋಡೆಮ್ ಕೊಯ್ಯೋ ಎಂದು ಕೂಗಿ, ಪುಣ್ಯವಿದ್ದರೆ ಲೈನು ಸಿಗುತ್ತಿತ್ತು.

"ಏನಯ್ಯಾ, ಕುಯ್ಲು ಶುರುವಾತಾ?" ಎಂದು ಅವರು ಗಲ್ಲಾದಿಂದಲೇ ಕೇಳುತ್ತಿದ್ದರು. "ಅಮೆರಿಕದೋರು ಡಿಎಪಿ ರೇಟು ಕೇಳಿದ್ರೆ ನಂಗೂ ಹೇಳು."

ಇಷ್ಟೇ ಬಂಡವಾಳದ ಮೇಲೆ ನಾನು ನನ್ನನ್ನು ವೆಬ್ ಡಿಸೈನರ್ ಎಂದು ಕರೆದುಕೊಂಡಿದ್ದೆ. ಕರೆದವನು ನಾನೊಬ್ಬನೇ.

ಆ ಬಿರುದಿಗೆ ಬೇಕಾದ ವಿದ್ಯೆ ಸಿಕ್ಕಿದ್ದು ಮಹಾಂತೇಶನಿಂದ. ತೊಂಬತ್ತೊಂಬತ್ತರ ಬೇಸಿಗೆಯಿಂದ ಪ್ರತಿ ಭಾನುವಾರ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸೊರಬಕ್ಕೆ ಹೋಗುತ್ತಿದ್ದೆ. ಅವನು ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ಕ್ಲಾಸಿನೊಳಗೆ ಕಾಲಿಟ್ಟರೆ ಬಾಯಲ್ಲಿ ಸರ್ ಎಂದೇ ಬರುತ್ತಿತ್ತು. ಅಂಬ್ಲಿಗೊಳದ ಕಡೆಯವನು, ಕುರಿ ಸಾಕುವ ಮನೆ. ಅವನ ಮಾತು ತಡೆಯುತ್ತಿತ್ತು. ಒಂದೊಂದು ಪದದ ಬಾಗಿಲಲ್ಲಿ ನಿಂತು ತಳ್ಳುತ್ತ, ತಳ್ಳುತ್ತ, ಮುಖ ಕೆಂಪಾಗಿ, ಕೊನೆಗೆ ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತಿದ್ದ. ಬೋರ್ಡಿನ ಮೇಲೆ ಅವನಷ್ಟು ಸಲೀಸಾಗಿ ಪಾಠ ಹೇಳಿದವರನ್ನು ನಾನು ಕಂಡಿಲ್ಲ. ಕಾಲೇಜಿನಲ್ಲಿ ನನಗೆ ಕಲಿಸಿದವರೆಲ್ಲ ನಿರರ್ಗಳವಾಗಿ ಮಾತಾಡುವವರು. ಅದರ ಫಲ ನಾನು.

ಕ್ಲಾಸು ಅವನದಲ್ಲ, ರಂಗಪ್ಪ ಎಂಬುವರದು. ಕಲಿಯಲು ಬರುವವರು ಹನ್ನೊಂದು ಜನಕ್ಕಿಳಿದಾಗ ರಂಗಪ್ಪ ಎಲ್ಲವನ್ನೂ ಸಾಗರಕ್ಕೆ ಸಾಗಿಸಲು ತೀರ್ಮಾನಿಸಿದರು. ಮಹಾಂತೇಶನ ಮೇಲೆ ಅವರಿಗೆ ಪ್ರೀತಿಯಿತ್ತು. ನನ್ನೆದುರಿಗೇ ಹೇಳಿದರು: "ದೀಪಾವಳಿ ತನಕ ಟೈಮ್ ಕೊಡ್ತೀನಿ ಮಾರಾಯ. ನೀನು ಹೇಳ್ತೀಯಲ್ಲ, ಆ ಇಂಟರ್ನೆಟ್ ಕೆಲಸ, ಒಂದಾದ್ರೂ ಹಿಡಿದು ತೋರ್ಸು. ಒಂದು ಕಂಪ್ಯೂಟರ್ ಇಲ್ಲೇ ಬಿಟ್ಟು ಹೋಗ್ತೀನಿ, ಫೋನ್ ಸಮೇತ. ಇಲ್ಲ ಅಂದ್ರೆ ಸಾಗರಕ್ಕೆ ಬಾ. ಆದ್ರೆ ಅಲ್ಲಿ ಪಾಠಕ್ಕೆ ಬೇರೆಯೋರು ಇದಾರೆ. ನೀನು ಮುಂದ್ಗಡೆ ಕೂತು ಬಂದೋರನ್ನ ಮಾತಾಡಿಸ್ಬೇಕು, ಫೋನ್ ಎತ್ಬೇಕು."

ಮಾತಾಡಿಸಬೇಕು ಎಂಬ ಮಾತಿಗೆ ಮಹಾಂತೇಶ ಕಿಟಕಿಯ ಕಡೆ ತಿರುಗಿಕೊಂಡ. ಇದೂ ಆಗದಿದ್ದರೆ ಅಪ್ಪ ಲೋಕಪ್ಪನ ಹಿಂದೆ ಕುರಿಮಂದೆ. ಮಂದೆ ಕೀಳು ಎಂದು ಅವನು ಯಾವತ್ತೂ ಅಂದವನಲ್ಲ. ತನಗೆ ಬೇರೊಂದು ಕೆಲಸ ಬರುತ್ತದೆ, ಅದನ್ನು ಮಾಡಬೇಕು, ಅಷ್ಟೇ.

ಈ ವರ್ಷ ಇಂಟರ್ನೆಟ್ಟಿನಲ್ಲಿ ಕೆಲಸದ ಸಂತೆಯೊಂದು ತೆರೆದಿತ್ತು. ಎಲ್ಲಿಯವರೋ ತಮಗೆ ಇಂಥ ವೆಬ್‌ಸೈಟು ಬೇಕೆಂದು ಬರೆದು ಹಾಕುವರು. ಮಾಡಿಕೊಡುವವರು ತಮ್ಮ ಹೆಸರು, ಊರು, ದರ ಬರೆದು ಕೆಳಗೆ ನಿಲ್ಲುವರು. ಯಾರು ಎಷ್ಟು ಹಾಕಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ನಮ್ಮ ಕಡೆ ಹರಾಜಿಗೆ ಸವಾಲು ಅನ್ನುತ್ತೇವೆ. ಇದೂ ಸವಾಲೇ, ಕಡಿಮೆ ಕೂಗಿದವನಿಗೆ ಅನುಕೂಲ ಅನ್ನುವುದೊಂದು ವ್ಯತ್ಯಾಸ. ಮಹಾಂತೇಶನಿಗೆ ಕಂಡ ವ್ಯತ್ಯಾಸ ಬೇರೆ. ಇಲ್ಲಿ ಬಾಯಿಂದ ಕೂಗಬೇಕಾಗಿರಲಿಲ್ಲ.

ಅಕ್ಟೋಬರ್ ಕೊನೆಯ ವಾರ ನ್ಯೂಜಿಲೆಂಡಿನ ಹೆಂಗಸೊಬ್ಬಳು ಆರು ಪುಟದ ವೆಬ್‌ಸೈಟು ಬೇಕೆಂದು ಹಾಕಿದ್ದಳು. ಮನೆಯಲ್ಲೇ ಕುರಿ ಸಾಕಿ, ಕೈಯಲ್ಲಿ ನೂತ ಉಣ್ಣೆ ಮಾರುವವಳು. ಸೋಮವಾರ ಮಹೇಶ್ವರಪ್ಪನವರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ನೂರಿಪ್ಪತ್ತು ಡಾಲರಿಗೆ ಹೆಸರು ಹಾಕಿಬಿಟ್ಟೆ. ಆರು ಪುಟ ಮಾಡುವುದು ಹೇಗೆಂದು ಗೊತ್ತಿರಲಿಲ್ಲ. ಎರಡು ಪುಟ ಮಾಡುವುದು ಗೊತ್ತಿತ್ತು, ಮೂರು ಸಲ ಮಾಡಿದರೆ ಆಯಿತಲ್ಲ ಎಂದುಕೊಂಡಿದ್ದೆ.

ಬುಧವಾರ ಮತ್ತೆ ಪಟ್ಟಿ ತೆರೆದಾಗ ನನ್ನ ಹೆಸರಿನ ಮೂರು ಸಾಲು ಕೆಳಗೆ ಮಹಾಂತೇಶ್ ಎಲ್., ಸೊರಬ, ಇಂಡಿಯಾ ಎಂದಿತ್ತು. ದರ ನೂರೈವತ್ತು. ಜೊತೆಗೊಂದು ಮಾದರಿ ಪುಟ. ಅದು ತೆರೆದುಕೊಳ್ಳಲು ಹಿಡಿದ ಆರು ನಿಮಿಷ ನಾನು ಉಗುರು ಕಚ್ಚುತ್ತ ಕೂತಿದ್ದೆ. ಕರಿಕಂಬಳಿಯ ಅಂಚಿನ ಬಿಳಿ ಗೆರೆಗಳನ್ನೇ ಪುಟದ ಎರಡೂ ಬದಿಗೆ ಇಳಿಸಿದ್ದ. ಉಣ್ಣೆ ಮಾರುವವಳಿಗೆ ಅದಕ್ಕಿಂತ ಒಪ್ಪುವ ಪುಟ ಇರಲಾರದು. ನನ್ನ ಮಾದರಿಯಲ್ಲಿ ಕುಣಿಯುವ ನಕ್ಷತ್ರಗಳಿದ್ದವು.

ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಪಂಚಾಯ್ತಿಯ ಹುಣಸೆಮರಗಳ ಫಸಲಿಗೆ ಪ್ರತಿವರ್ಷ ಸವಾಲು ನಡೆಯುತ್ತದೆ. ಆ ವರ್ಷ ತೀರಾ ಬೇಕಾದವರೊಬ್ಬರು ಎದ್ದು ನಿಂತರೆ ಉಳಿದವರು ಕೂಗುವುದಿಲ್ಲ. ಕಾರ್ಯದರ್ಶಿ "ಮತ್ತ್ಯಾರಾದ್ರೂ ಅದಾರಾ?" ಎಂದು ಮೂರು ಸಲ ಕೇಳುತ್ತಾನೆ, ಎಲ್ಲರೂ ಮರದ ತುದಿ ನೋಡುತ್ತಾರೆ. ಹಿಂದೊಂದು ವರ್ಷ ತಿಮ್ಮಮ್ಮ ಎಂಬ ಮುದುಕಿ ನಿಂತಾಗ, ನನ್ನ ಅಪ್ಪ ಗಂಗಾಧರಪ್ಪ ಕೂಗಲು ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದ್ದನ್ನು ನಾನೇ ನೋಡಿದ್ದೇನೆ. ಇದು ಕಾನೂನಿನಲ್ಲಿಲ್ಲ. ಆದರೆ ಮೀರಿದವನಿಗೆ ಊರಲ್ಲಿ ಒಂದು ಲೋಟ ನೀರು ಕೇಳುವುದೂ ಕಷ್ಟ.

ಹಾಗಾಗಿ ಗುರುವಾರ ಮಧ್ಯಾಹ್ನ ನನ್ನ ಹೆಸರನ್ನು ವಾಪಸ್ ತೆಗೆದುಕೊಂಡೆ. ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಲಿಲ್ಲ, ಐದು ನಿಮಿಷದ ಎಸ್‌ಟಿಡಿ ಉಳಿಸಿದೆ. ಕ್ಲಾಸಿಗೆ ಫೋನು ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ನಾನು ಬಿಟ್ಟುಕೊಟ್ಟದ್ದು ಅವನಿಗೆ ತಾನಾಗಿಯೇ ತಿಳಿಯಬೇಕು, ತಿಳಿದು ಅವನ ಕಣ್ಣು ತುಂಬಬೇಕು ಎಂಬ ಆಸೆಯಿತ್ತು. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಆ ತ್ಯಾಗದಲ್ಲಿ ಮುಕ್ಕಾಲು ಪಾಲು ಹೆದರಿಕೆ. ಕೆಲಸ ನನಗೇ ಸಿಕ್ಕಿಬಿಟ್ಟರೆ ಏನು ಗತಿ ಎಂದು ಎರಡು ದಿನ ಅನ್ನ ಸೇರಿರಲಿಲ್ಲ.

ಭಾನುವಾರ ಅರ್ಧ ಕೆಜಿ ಮೈಸೂರುಪಾಕ್ ಕಟ್ಟಿಸಿಕೊಂಡು ಸೊರಬಕ್ಕೆ ಹೋದೆ. ಮಹಡಿ ಹತ್ತುವಾಗಲೇ ವಿನಯದ ಮುಖ ಮಾಡಿಕೊಂಡಿದ್ದೆ. ಒಳಗೆ ಕಂಪ್ಯೂಟರುಗಳ ವೈರು ಕಿತ್ತು ಸುತ್ತಿಟ್ಟಿತ್ತು. ಮಹಾಂತೇಶ ನನ್ನನ್ನು ಕಂಡವನೇ ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡ.

"ನಿಮಗೆ..." ಎಂದು ನಿಂತು, ಉಸಿರೆಳೆದು, "ನಿಮಗೆ ಸಿಕ್ತಲ್ಲ. ಖುಷಿಯಾಯ್ತು" ಎಂದ.

"ಏನು ಸರ್?"

"ಉಣ್ಣೆ ಕೆಲಸ."

"ನಂಗೆಲ್ಲಿ ಸರ್? ನಾನು ಗುರುವಾರನೇ ವಾಪಸ್ ತಗೊಂಡೆ. ನೀವಿದೀರಿ ಅಂತ."

ಅವನು ನನ್ನ ಕೈ ಬಿಟ್ಟ. ಏನೋ ಹೇಳಲು ಹೋದ, ಆಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಬರೆದ: ನಾನು ಬುಧವಾರ ಸಂಜೆ. ನೀವಿದ್ದೀರಿ ಅಂತ.

ಸೋಮವಾರ ಅವನು ಹೆಸರು ಹಾಕಿದ ಮೇಲೆ, ಪಟ್ಟಿ ಪೂರ್ತಿ ತೆರೆಯುವ ಮೊದಲೇ ಲೈನು ಕಡಿದುಹೋಗಿತ್ತಂತೆ, ನನ್ನ ಹೆಸರು ಕಂಡಿರಲಿಲ್ಲ. ಬುಧವಾರ ಕಂಡಿತು. ಕಲಿಯಲು ಬಂದವನೇ ಮೊದಲು ನಿಂತಿದ್ದಾನೆ, ಅವನ ಮೇಲೆ ಕಲಿಸಿದವನು ಕೂಗುವುದೇ ಎಂದು ಹೆಸರು ತೆಗೆದುಬಿಟ್ಟ. ಅವನೂರಿನಲ್ಲೂ ಪಂಚಾಯ್ತಿಯ ಹುಣಸೆಮರಗಳಿವೆ.

"ಫೋನ್ ಮಾಡ್ಬಾರ್ದಿತ್ತಾ ಸರ್?" ಎಂದೆ. ಎಂದ ಮೇಲೆ ನಾಲಗೆ ಕಚ್ಚಿಕೊಂಡೆ. ಫೋನಿನಲ್ಲಿ ಅವನ ಮಾತು ಇನ್ನೂ ಹೆಚ್ಚು ತಡೆಯುತ್ತದೆಂದು ಗೊತ್ತಿತ್ತು. ಮಾಡಬೇಕಾಗಿದ್ದವನು ನಾನು.

ಅವನು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದುಕೊಟ್ಟ. ಆ ಹೆಂಗಸಿನಿಂದ ಶುಕ್ರವಾರ ಬಂದಿದ್ದ ಇ-ಮೇಲ್, ಪ್ರಿಂಟ್ ತೆಗೆದಿಟ್ಟುಕೊಂಡಿದ್ದ. ನಿನ್ನ ಪುಟವೇ ನನಗೆ ಎಲ್ಲಕ್ಕಿಂತ ಹಿಡಿಸಿತ್ತು, ನೀನು ಯಾಕೆ ಬಿಟ್ಟೆಯೋ ತಿಳಿಯಲಿಲ್ಲ, ಬೇರೆಯವರಿಗೆ ಒಪ್ಪಿಸಿದ್ದೇನೆ, ಒಳ್ಳೆಯದಾಗಲಿ. ಬೇರೆಯವರು ಯಾರೆಂದು ಆಮೇಲೆ ನೋಡಿದೆ. ಬಲ್ಗೇರಿಯಾದವನೊಬ್ಬ, ನೂರ ನಲವತ್ತೈದಕ್ಕೆ. ಬೇರೆಯವರೆಂದರೆ ನಾನೇ ಇರಬೇಕೆಂದು ಮಹಾಂತೇಶ ಎರಡು ದಿನ ಖುಷಿಯಲ್ಲಿದ್ದ.

"ಈಗ್ಲೇ ಬರೆಯೋಣ ಸರ್ ಆಯಮ್ಮಂಗೆ. ಹಿಂಗಿಂಗಾಯ್ತು ಅಂತ ಹೇಳೋಣ."

"ಏನಂತ?" ಎಂದ. ಆ ಪದ ಮಾತ್ರ ಎಲ್ಲೂ ತಡೆಯಲಿಲ್ಲ.

ನಾನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಶುರುಮಾಡಿದೆ. ನಮ್ಮ ಕಡೆ ಹುಣಸೆಮರಗಳಿರುತ್ತವೆ, ಎಂಬಲ್ಲಿಗೆ ನಿಂತಿತು.

ಅಷ್ಟರಲ್ಲಿ ರಂಗಪ್ಪ ಟೆಂಪೊ ಕರೆದುಕೊಂಡು ಬಂದರು. ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಆದರೆ ಸಾಗರದ ಬಾಡಿಗೆ ಒಂದನೇ ತಾರೀಖಿನಿಂದ ಶುರು, ಮಹಾಂತೇಶನೇ ಶನಿವಾರ ತನ್ನದೇನೂ ಆಗಲಿಲ್ಲವೆಂದು ಹೇಳಿಬಿಟ್ಟಿದ್ದ. ನಾನು ನಡೆದದ್ದನ್ನೆಲ್ಲ ಹೇಳಿ, ಇನ್ನೊಂದು ವಾರ ಬಿಡಿ ಸಾರ್ ಎಂದು ಬೇಡಿಕೊಂಡೆ.

ರಂಗಪ್ಪ ಪೂರ್ತಿ ಕೇಳಿದರು. "ಎರಡು ಜನ ಬುದ್ಧಿವಂತರು" ಎಂದರು. "ಬಾಗಿಲಲ್ಲಿ ನೀವು ಮೊದ್ಲು, ನೀವು ಮೊದ್ಲು ಅಂತ ನಿಂತ್ರಿ. ಮೂರನೆಯೋನು ನಡುವೆ ನುಗ್ಗಿ ಊಟ ಮಾಡ್ಕೊಂಡು ಹೋದ. ಮಾನಿಟರ್ ಹಿಡೀರಿ, ಕೆಳಗಿಳಿಸ್ಬೇಕು."

ಹಿಡಿದೆವು. ಐದು ಕಂಪ್ಯೂಟರು, ಕಡಿದಾದ ಮೆಟ್ಟಿಲು. ನಾಲ್ಕನೆಯದನ್ನು ಇಳಿಸುವಾಗ ಕೆಳಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಉದ್ದನೆಯ ಮನುಷ್ಯನೊಬ್ಬ ನಿಂತಿದ್ದ. ಮಗನ ಹಾಸಿಗೆ, ಟ್ರಂಕು ಒಯ್ಯಲು ಬಂದ ಲೋಕಪ್ಪ.

"ಇವ್ರ್ಯಾರಪ್ಪಾ?"

"ಗುರುಪ್ರಕಾಶ್. ನಂಗೋಸ್ಕರ ಬಿಟ್ಟುಕೊಟ್ಟೋರು" ಎಂದ ಮಹಾಂತೇಶ. ಮನೆಯಲ್ಲಿ ತನ್ನ ಕಡೆಯದನ್ನು ಆಗಲೇ ಹೇಳಿದ್ದನೆಂದು ತೋರುತ್ತದೆ. ಲೋಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವೂ ಬಿಟ್ಟ್ರಾ? ಛಲೋ ಮಾಡಿದ್ರಿ ಬಿಡ್ರಿ. ದೊಡ್ಡ ಮನೆತನದೋರ ಲಕ್ಷಣ ಅದು." ಆಮೇಲೆ ಹುಬ್ಬು ಗಂಟಿಕ್ಕಿ, "ಹಂಗಾರೆ ಫಸಲು ಯಾರಿಗೋತು?"

"ಹೊರಗಿನೋರಿಗೆ" ಎಂದೆ.

ಲೋಕಪ್ಪ ಕುರಿ ವ್ಯಾಪಾರವನ್ನು ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ ಮುಗಿಸುವ ಮನುಷ್ಯ, ಮಾತು ಅವನಿಗೂ ಕಡಿಮೆಯೇ. "ಸವಾಲ್ನಾಗೆ ಬಿಡೋನು ಮೊದ್ಲು ಮುಖ ನೋಡ್ಬೇಕಲ್ರೀ" ಎಂದ. "ಆ ಕಡೆಯೋನು ನಿಂತವ್ನೋ, ಕುಂತವ್ನೋ. ಕಣ್ಣಾಗೆ ಒಂದು ಮಾತು ಆಗ್ಬೇಕು. ಮುಖ ಕಾಣ್ದ ಜಾಗದಾಗೆ ಹೆಂಗ್ರೀ ಬಿಟ್ಟುಕೊಡ್ತೀರಿ?"

ಮಹಾಂತೇಶ ಕೈಯಲ್ಲಿದ್ದ ಕೀಬೋರ್ಡನ್ನು ಟೆಂಪೊದಲ್ಲಿಟ್ಟು ತಿರುಗಿದ. ಈ ಸಲ ಬಹಳ ಹೊತ್ತು ತಡೆಯಿತು. ನಾವು ಮೂವರೂ ಕಾದೆವು.

"ಮುಖ ಕಾಣಲ್ಲ ಅಂತಲೇ ಅಪ್ಪ," ಎಂದ, "ನಾನು ಅಲ್ಲಿಗೆ ಹೋಗಿದ್ದು."

ಲೋಕಪ್ಪ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, "ಟ್ರಂಕು ಎಲ್ಲೈತೆ?" ಎಂದು ಮೆಟ್ಟಿಲು ಹತ್ತಿದ.

ಟೆಂಪೊ ಹೊರಡುವಾಗ ರಂಗಪ್ಪ ಮತ್ತೊಮ್ಮೆ ಸಾಗರದ ಮಾತೆತ್ತಿದರು. ಮಹಾಂತೇಶ ತಲೆಯಾಡಿಸಿದ, ಬೇಡವೆಂದು. ಮುಂದ್ಗಡೆ ಕೂತು ಮಾತಾಡಿಸುವುದಕ್ಕಿಂತ ಮಂದೆಯೇ ವಾಸಿ ಎಂದು ಅವನಿಗೆ ಅನ್ನಿಸಿರಬೇಕು. ಜೋಳ ಮುರಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಆಗಲೇ ಮೂರು ಕಡೆಯಿಂದ ಕರೆ ಬಂದಿತ್ತು. ಯೂರಿಯಾ ಮಾರುವ ನಾನು ಅದಕ್ಕೆ ಏನು ಹೇಳಲಿ?

ಶಿಕಾರಿಪುರಕ್ಕೆ ಬನ್ನಿ, ಅಂಗಡಿಯ ಕಂಪ್ಯೂಟರಿನಲ್ಲಿ ಮಧ್ಯಾಹ್ನ ಒಂದು ಗಂಟೆ ನೀವು ಕೂರಬಹುದು ಎಂದೆ. ಮಹೇಶ್ವರಪ್ಪನವರನ್ನು ಕೇಳದೇ ಆಡಿದ ಮಾತದು, ನನ್ನ ಇನ್ನೊಂದು ಔದಾರ್ಯ. ಅವನು ನಕ್ಕ. ಜೇಬಿನಿಂದ ಪೆನ್ನು ತೆಗೆದು ಮೈಸೂರುಪಾಕಿನ ಪೊಟ್ಟಣದ ಮೇಲೆ ಬರೆದು ನನ್ನ ಕೈಗಿಟ್ಟ: ಇನ್ನು ಎಲ್ಲಾದರೂ ನನ್ನ ಹೆಸರು ಕಂಡರೆ ಬಿಡಬೇಡಿ. ನನಗಿಂತ ಕಡಿಮೆ ಹಾಕಿ. ನಾನೂ ಹಾಗೇ ಮಾಡ್ತೀನಿ.

"ಆಯ್ತು ಸರ್" ಎಂದು ಮಾತು ಕೊಟ್ಟೆ. ಅಪ್ಪ ಮಗ ಟ್ರಂಕಿನ ಎರಡು ಹಿಡಿ ಹಿಡಿದು ತಮ್ಮೂರಿನ ಬಸ್ಸು ನಿಲ್ಲುವ ಕಡೆ ನಡೆದರು.

ವಾಪಸ್ ಬರುವ ಬಸ್ಸಿನಲ್ಲಿ, ಶಿರಾಳಕೊಪ್ಪ ದಾಟುವ ಹೊತ್ತಿಗೆ ನಾನು ಕೊಟ್ಟ ಮಾತಿನ ತೂಕ ತಿಳಿಯಿತು. ಅವನೆದುರು ಸವಾಲಿಗೆ ನಿಲ್ಲಬೇಕಾದರೆ ನನಗೆ ಕೆಲಸ ಬರಬೇಕು. ಆರು ಪುಟ ಮಾಡಲು ಬರಬೇಕು, ಕುಣಿಯುವ ನಕ್ಷತ್ರ ಬಿಟ್ಟು ಬೇರೇನಾದರೂ ಬರಬೇಕು. ಅದನ್ನು ನನಗೆ ಕಲಿಸಬಲ್ಲವನು ಈ ಜಿಲ್ಲೆಯಲ್ಲಿ ನನಗೆ ಗೊತ್ತಿರುವಂತೆ ಒಬ್ಬನೇ, ಅವನು ನಾಳೆಯಿಂದ ಕುರಿಗಳ ಹಿಂದೆ ಇರುತ್ತಾನೆ.

ಹಬ್ಬ ಕಳೆದು ಮೂರು ವಾರವಾಯಿತು. ದಿನಾ ಮಧ್ಯಾಹ್ನ ಪಟ್ಟಿ ತೆರೆದು ಸೊರಬ ಎಂಬ ಹೆಸರು ಹುಡುಕುತ್ತೇನೆ. "ಯಾರಯ್ಯಾ ಸತ್ತೋರು, ಹಂಗೆ ನೋಡ್ತೀಯ?" ಎಂದು ಮಹೇಶ್ವರಪ್ಪನವರು ಕೇಳುತ್ತಾರೆ. ಎರಡು ವಾರದ ಹಿಂದೆ ಗೊಬ್ಬರಕ್ಕೆ ಬಂದ ರೈತರೊಬ್ಬರು, ಲೋಕಪ್ಪನ ಮಂದೆ ಬಂದಳಿಕೆಯ ಹತ್ತಿರ ತಮ್ಮ ಹೊಲದಲ್ಲೇ ನಿಂತಿದೆ, ಮಗನೂ ಜೊತೆಗಿದ್ದಾನೆ ಎಂದರು. ಭಾನುವಾರ ನೋಟ್‌ಬುಕ್ ಹಿಡಿದು ಹೋಗಬೇಕು ಅಂದುಕೊಂಡಿದ್ದೇನೆ. ಎರಡು ಭಾನುವಾರ ಕಳೆದವು. ಇನ್ನೂ ಹೋಗಿಲ್ಲ.